ಸಾನ್ ಕ್ಲೆಮೆಂತೆ: ಚರ್ಚಿನ ಕೆಳಗೊಂದು ಚರ್ಚು, ಅದರ ಕೆಳಗೊಂದು ಗುಡಿ

ರೋಮಿನ ಕೊಲೊಸಿಯಂನಿಂದ ಸ್ವಲ್ಪ ದೂರ ನಡೆದರೆ ಸಾನ್ ಕ್ಲೆಮೆಂತೆ ಚರ್ಚು. ರಸ್ತೆಯಿಂದ ನೋಡಿದರೆ ಅಂಥದ್ದೇನೂ ಇಲ್ಲ. ಆದರೆ ಈಗ ಪೂಜೆ ನಡೆಯುವ 12ನೇ ಶತಮಾನದ ಚರ್ಚಿನ ಕೆಳಗೆ 4ನೇ ಶತಮಾನದ ಇನ್ನೊಂದು ಚರ್ಚಿದೆ. ಅದಕ್ಕೂ ಕೆಳಗೆ ರೋಮನ್ನರ ಕಾಲದ ಕಟ್ಟಡಗಳು, ಅದರಲ್ಲೊಂದರಲ್ಲಿ ಮಿಥ್ರಾಸ್ ದೇವರ ಗುಡಿ. ಬಂದವರಲ್ಲಿ ಜಾಸ್ತಿ ಜನ ಟಿಕೆಟ್ ತಗೊಂಡು ಸೀದಾ ಆ ಗುಡಿಗೇ ಇಳಿಯುತ್ತಾರೆ. ನಾನು ನಿಧಾನಕ್ಕೆ ಮೇಲಿನಿಂದ ಶುರು ಮಾಡಿದೆ. ಅದೇ ಸರಿ ಅಂತ ಈಗಲೂ ಹೇಳುತ್ತೇನೆ.

ಮೇಲಿನ ಚರ್ಚಿಗೆ ಟಿಕೆಟ್ ಬೇಕಿಲ್ಲ. ಭುಜ ಮುಚ್ಚುವ ಬಟ್ಟೆ ಇರಲಿ. ಎಲ್ಲರೂ ಕತ್ತೆತ್ತಿ ಗೋಡೆಯ ಚಿನ್ನದ ಬಣ್ಣದ ಮೊಸಾಯಿಕ್ ನೋಡುತ್ತಾರೆ. ಶಿಲುಬೆಯ ಮೇಲೆ 12 ಬಿಳಿ ಪಾರಿವಾಳ, ಸುತ್ತಲೂ ಸುರುಳಿ ಸುರುಳಿ ಬಳ್ಳಿ. ಚೆನ್ನಾಗಿದೆ, ನೋಡಿ. ಆಮೇಲೆ ಹಾಡುವವರು ನಿಲ್ಲುವ ಜಾಗದ ಸುತ್ತ ಇರುವ ಮೋಟು ಅಮೃತಶಿಲೆ ಗೋಡೆಯ ಹತ್ತಿರ ಬನ್ನಿ. ಅದರ ಮೇಲೆ ಅಕ್ಷರ ಹೆಣೆದ ಒಂದು ಮುದ್ರೆ ಇದೆ. 533ರಲ್ಲಿ ಪೋಪ್ ಆದ ಇಮ್ಮಡಿ ಜಾನ್‌ನದು ಅದು. ಪೋಪ್ ಆಗುವ ಮುಂಚೆ ಆತ ಇದೇ ಚರ್ಚಿನ ಪಾದ್ರಿ. ಅಂದರೆ ಈ ಕಲ್ಲುಗಳು ಕೆಳಗಿನ ಚರ್ಚಿನವು! ಹೊಸದು ಕಟ್ಟುವಾಗ ಬಿಚ್ಚಿ ಮೇಲೆ ತಂದು ಜೋಡಿಸಿದ್ದಾರೆ. ಇದನ್ನು ನೋಡಿಕೊಂಡೇ ಇಳಿದರೆ ಕೆಳಗೆ ಏನಾಗಿದೆ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಕೆಳಗಿನ ಚರ್ಚಿನಲ್ಲಿ ಮೊದಲು ಗಲಿಬಿಲಿ ಆಗುತ್ತದೆ. ಚರ್ಚು ಅಂತ ಅನಿಸುವುದೇ ಇಲ್ಲ, ಬರೀ ಗೋಡೆ, ಓಣಿ. 1100ರ ಸುಮಾರಿಗೆ ಇದರೊಳಗೆ ಮಣ್ಣು-ಕಲ್ಲು ತುಂಬಿ, ಹಳೆ ಕಂಬಗಳ ಮಧ್ಯೆ ಗೋಡೆ ಎಬ್ಬಿಸಿ, ಅದನ್ನೇ ಅಡಿಪಾಯ ಮಾಡಿಕೊಂಡರು. ಮೇಲಿನ ಚರ್ಚು ಇದಕ್ಕಿಂತ ಚಿಕ್ಕದು. ಹಾಗಾಗಿ ಅದರ ಕಂಬಸಾಲು ಹೊರುವ ಗೋಡೆ ಇಲ್ಲಿ ಸಭಾಂಗಣದ ನಡುವೆಯೇ ಹಾದುಹೋಗಿದೆ. ಗೋಡೆಯಲ್ಲಿ ಅರ್ಧ ಹೂತ ಕಂಬ ಕಂಡ ಕಡೆ ನಿಂತು, ಇಟ್ಟಿಗೆ ಗೋಡೆ ಇಲ್ಲ ಅಂದುಕೊಂಡು ನೋಡಿ. ಹಳೆ ಚರ್ಚಿನ ಅಗಲ ಆಗ ಅಂದಾಜಾಗುತ್ತದೆ. 1857ರಲ್ಲಿ ಇಲ್ಲಿನ ಡೊಮಿನಿಕನ್ ಪಂಗಡದ ಐರಿಶ್ ಪಾದ್ರಿ ಜೋಸೆಫ್ ಮುಲ್ಲೂಲಿ ಅಗೆಸುವ ತನಕ, ಮೇಲಿನದೇ ಹಳೆಯ ಚರ್ಚು ಅಂತ ಜನ ನಂಬಿದ್ದರು.

ನಾನು ಜಾಸ್ತಿ ಹೊತ್ತು ನಿಂತಿದ್ದು ಸಿಸಿನಿಯಸ್‌ನ ಚಿತ್ರದ ಮುಂದೆ. 11ನೇ ಶತಮಾನದ ಕೊನೆಯ ಗೋಡೆಚಿತ್ರ. ಸಿಸಿನಿಯಸ್ ದಂತಕಥೆಯಲ್ಲಿ ಬರುವ ರೋಮಿನ ಯಜಮಾನ. ಈ ಚರ್ಚಿಗೆ ಹೆಸರು ಕೊಟ್ಟ ಸಂತ ಕ್ಲೆಮೆಂಟ್ ಮೇಲೆ ಅವನಿಗೆ ಸಿಟ್ಟು, ಹಿಡಿದು ತನ್ನಿ ಅಂತಾನೆ. ಆಳುಗಳ ಕಣ್ಣಿಗೆ ಮಂಕು ಕವಿದು, ಸಂತ ಅಂದುಕೊಂಡು ಕಲ್ಲುಕಂಬಕ್ಕೆ ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಒಬ್ಬ ಹಿಂದಿನಿಂದ ಕೋಲು ಹಾಕಿ ಮೀಟುತ್ತಾನೆ. ಯಜಮಾನ ಕೈ ಚಾಚಿ ಸೂಳೆಮಕ್ಕಳಾ, ಎಳೀರೋ ಅಂತ ಬೈಯುತ್ತಾನೆ, ಆ ಮಾತನ್ನೂ ಅಲ್ಲೇ ಬರೆದಿದ್ದಾರೆ. ಸಂತನ ಮಾತು ಮಾತ್ರ ಲ್ಯಾಟಿನ್‌ನಲ್ಲಿ, ಬೈಗುಳ ಬೀದಿಯ ಆಡುಮಾತಿನಲ್ಲಿ. ಇಟಾಲಿಯನ್ ಆಡುಮಾತಿನ ತೀರಾ ಹಳೆಯ ಬರಹಗಳಲ್ಲಿ ಇದೂ ಒಂದು. ನಮ್ಮ ಯಕ್ಷಗಾನದಲ್ಲಿ ರಾಜನ ಎದುರು ಹಾಸ್ಯಗಾರ ಊರ ಮಾತಾಡಿದ ಹಾಗೆ, ಅಲ್ವಾ? ಚರ್ಚಿನ ಗೋಡೆಗೆ ಇದನ್ನು ಬರೆಸಿದವರ ಧೈರ್ಯ ಮೆಚ್ಚಬೇಕು.

ಇನ್ನೂ ಕೆಳಗೆ ಇಳಿದರೆ ತಣ್ಣಗಿರುತ್ತದೆ, ಎಲ್ಲಿಂದಲೋ ನೀರು ಹರಿಯುವ ಸದ್ದು ಬೇರೆ. ಮೊದಲು ಈ ಅಂತಸ್ತಿನಲ್ಲಿ ನೀರು ನಿಂತು ಕಾಲಿಡಲೂ ಆಗುತ್ತಿರಲಿಲ್ಲವಂತೆ. 1912ರಿಂದ 1914ರೊಳಗೆ ಸುರಂಗ ತೋಡಿ, ಕೊಲೊಸಿಯಂ ಕಡೆಯ ಹಳೇ ಚರಂಡಿಗೆ ನೀರು ಬಿಟ್ಟರು. ಇಲ್ಲಿ ಎರಡು ರೋಮನ್ ಕಟ್ಟಡಗಳ ಮಧ್ಯೆ ಒಂದು ಇಕ್ಕಟ್ಟಾದ ಸಂದಿ ಇದೆ. ಒಂದು ಕಡೆ ದೊಡ್ಡ ಕಲ್ಲಿನ ದಿಂಡುಗಳು, ಇನ್ನೊಂದು ಕಡೆ ಇಟ್ಟಿಗೆ.

ಮಿಥ್ರಾಸ್ ಗುಡಿಯೊಳಗೆ ಬಿಡುವುದಿಲ್ಲ, ಕಬ್ಬಿಣದ ಕಂಬಿಯ ಆಚೆಯಿಂದ ನೋಡಬೇಕು. ಗುಹೆಯ ಹಾಗೆ ಕಾಣಲೆಂದು ತಗ್ಗಾದ, ಒರಟು ಕಮಾನು ಚಾವಣಿ. ಎರಡೂ ಬದಿಗೆ ಕಲ್ಲಿನ ಕಟ್ಟೆ, ಪ್ರಸಾದದೂಟಕ್ಕೆ ಒರಗಿ ಕೂರಲು. ಗಂಡಸರಿಗೆ ಮಾತ್ರ ಪ್ರವೇಶವಿದ್ದ ಪಂಥ ಇದು. ನಡುವಿನ ಬಲಿಪೀಠದ ಮೇಲೆ ಮಿಥ್ರಾಸ್ ಗೂಳಿಯನ್ನು ಕೊಲ್ಲುತ್ತಿದ್ದಾನೆ. ಪಕ್ಕಗಳಲ್ಲಿ ಪಂಜು ಹಿಡಿದ ಇಬ್ಬರು, ಒಬ್ಬನದು ಮೇಲ್ಮುಖ, ಇನ್ನೊಬ್ಬನದು ಕೆಳಮುಖ. ಹೆಸರು ಕೇಳಿದರೆ ನಮಗೆ ವೇದದ ಮಿತ್ರ ನೆನಪಾಗುತ್ತಾನೆ. ಹೆಸರಿನ ಬೇರು ಒಂದೇ, ಆದರೆ ಗೂಳಿ ಕೊಲ್ಲುವ ಈ ದೇವರು ರೋಮಿನಲ್ಲಿ ಬೆಳೆದ ರೀತಿಯೇ ಬೇರೆ.

ಹೋಗುವವರಿಗೆ ಎರಡು ಮಾತು. ಮಧ್ಯಾಹ್ನ ಬಾಗಿಲು ಹಾಕುವುದುಂಟು, ಸಮಯ ನೋಡಿಕೊಂಡು ಟಿಕೆಟ್ ಮುಂಚೆಯೇ ಬುಕ್ ಮಾಡಿ. ಕೆಳಗೆ ಫೋಟೊ ತೆಗೆಯೋ ಹಾಗಿಲ್ಲ. ಮೆಟ್ಟಿಲಲ್ಲಿ ತೇವ ಇರುತ್ತದೆ, ಜಾರದ ಚಪ್ಪಲಿಯೋ ಶೂವೋ ಬೇಕು. ಕಾಲಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ಚೇಲಿಯೊ ಗುಡ್ಡದ ಸಾಂತಿ ಜೊವಾನ್ನಿ ಎ ಪಾವೊಲೊ ಚರ್ಚಿಗೂ ಹೋಗಿ. ಅದರ ಕೆಳಗೆ ಚಿತ್ರ ಬರೆದ ರೋಮನ್ ಮನೆಗಳಿವೆ. ಅದಕ್ಕೆ ಟಿಕೆಟ್ ಬೇರೆ.