ತೂವಿಂಕಿಗೆ ಗೆಣಸು ಹಾಕಿ ಅಂದವರು ಯಾರು?

ಹೋದ ಕ್ರಿಸ್‌ಮಸ್‌ಗೆ ಫಿನ್ಲೆಂಡಿನ ಎಸ್ಪೂ ಊರಿನಿಂದ ಕನ್ನಡದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಆಂಟಿ, ಫಿನ್ನಿಶ್ ಹಬ್ಬದ ಅಡುಗೆ ಮಾಡ್ತಿದೀನಿ, ಮೂರು ಕೆಜಿ ಗೆಣಸು ತಂದೆ" ಅಂದಳು. ತಲೆ ಚಚ್ಚಿಕೊಂಡೆ. ಅದು ಗೆಣಸಲ್ಲ ಕಣೇ, ಆಲೂಗಡ್ಡೆ! ಅವಳು ಮಾಡಹೊರಟಿದ್ದ ಇಮೆಲ್ಲೆತ್ತು ಪೆರುನಲಾತಿಕ್ಕೊ ಅಂದರೆ ಸಿಹಿ ಬರಿಸಿ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ. ಇದನ್ನೇ ಹ್ಯಾಮೆ ಸೀಮೆಯವರು ತೂವಿಂಕಿ ಅನ್ನುತ್ತಾರೆ. ಇನ್ನೊಬ್ಬ ಆಲೂಗಡ್ಡೆಯನ್ನೇನೋ ತಂದಿದ್ದ, ಅದಕ್ಕೆ ಅರ್ಧ ಡಬ್ಬಿ ಸಕ್ಕರೆ ಸುರಿದಿದ್ದ. ಅವನಿಗಿಂತ ಇವಳೇ ವಾಸಿ.

ನಾನು ಕಲಿತದ್ದು ತಾಂಪೆರೆಯಲ್ಲಿ, ಪಕ್ಕದ ಮನೆಯ ಮುಮ್ಮೊ ಹತ್ತಿರ. ಮುಮ್ಮೊ ಅಂದರೆ ಅಜ್ಜಿ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಫಿನ್ನಿಶ್ ಬಾರದು. ಕೈಸನ್ನೆ, ಬೈಗುಳ, ಇಷ್ಟರಲ್ಲೇ ಪಾಠ ಮುಗಿಯುತ್ತಿತ್ತು.

ಆಲೂಗಡ್ಡೆ ಹಿಟ್ಟುಹಿಟ್ಟಾಗಿ ಬೇಯುವ ಜಾತಿಯದೇ ಬೇಕು. ಅಂಗಡಿಯಲ್ಲಿ ಕೆಂಪು ಗುರುತಿನ ಚೀಲ ನೋಡಿ. ಹಸಿರು ಗುರುತಿನದು ಬೆಂದರೂ ಗಟ್ಟಿ, ಪಲ್ಯಕ್ಕಿರಲಿ. ಬೇಯಿಸಿ ಕೈಯಲ್ಲೇ ಕಿವುಚಿ. ಮಿಕ್ಸಿಗೆ ಹಾಕಿದರೆ ಗೋಂದು, ಗೋಡೆಗೆ ಪೋಸ್ಟರ್ ಅಂಟಿಸಬಹುದು.

ಈಗ ಗಮನ ಇಲ್ಲಿಡಿ. ಕುದಿಬಿಸಿಯಲ್ಲೇ ಗೋಧಿ ಹಿಟ್ಟು ಸುರಿದುಬಿಡುತ್ತೀರಿ, ಕೆಡುವುದೇ ಅಲ್ಲಿ. ಸಿಹಿ ಮಾಡುವುದು ಆ ಹಿಟ್ಟಿನೊಳಗಿನ ಕಿಣ್ವ. ಅದು ಆಲೂಗಡ್ಡೆಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಬಿಸಿ ಜಾಸ್ತಿಯಾದರೆ ಸತ್ತೇ ಹೋಗುತ್ತದೆ, ತಣ್ಣಗಾದರೆ ಪಾತ್ರೆಯೆಲ್ಲ ಹುಳಿ. ಮುಮ್ಮೊ ಪಾತ್ರೆಯ ಹೊರಮೈಗೆ ಅಂಗೈ ಒತ್ತಿ ಎಣಿಸುತ್ತಿದ್ದರು: ಉಕ್ಸಿ, ಕಾಕ್ಸಿ, ಕೋಲ್ಮೆ. ಮೂರಕ್ಕೆ ಕೈ ತಾನಾಗಿ ಹಿಂದೆ ಬರಬೇಕು. ಒಂದಕ್ಕೇ ಬಂದರೆ ಇನ್ನೂ ಕಾಯಿರಿ. ಕೈ ನಂಬದವರು ಥರ್ಮಾಮೀಟರ್ ಇಟ್ಟು 60 ಡಿಗ್ರಿ ಆಸುಪಾಸು ನೋಡಿಕೊಳ್ಳಿ. ಆಗ ಒಂದು ಹಿಡಿ ಹಿಟ್ಟು ಬೆರೆಸಿ, ಮೇಲೆ ಇನ್ನಷ್ಟು ಉದುರಿಸಿ, ಮುಚ್ಚಿ, ಅಷ್ಟೇ ಬಿಸಿಯ ಓವನ್ನಿನಲ್ಲಿ ನಾಲ್ಕೈದು ಗಂಟೆ ಬಿಡಿ. ಗಂಟೆಗೊಮ್ಮೆ ತಿರುವಿ. ಮುದ್ದೆಯ ಹಾಗೆ ಸೌಟಿಗೆ ಅಂಟಿಕೊಂಡಿದ್ದದ್ದು ಬರಬರುತ್ತಾ ಅಂಬಲಿಯಾಗುತ್ತದೆ. ನೀರಾಯ್ತು ಅಂತ ಹೆದರಿ ಮತ್ತೆ ಹಿಟ್ಟು ಸುರಿಯಬೇಡಿ! ಮೊಳಕೆ ರಾಗಿ ಹಿಟ್ಟಿನ ಗಂಜಿ ತೆಳ್ಳಗಾಗುತ್ತದಲ್ವಾ, ಇದೂ ಅದೇ ಕತೆ. ನಾಲಿಗೆಗೆ ಸಿಹಿ ಹತ್ತಿದರೆ ಆಯಿತು.

ಆಮೇಲೆ ಹಾಲು, ಬೆಣ್ಣೆ, ಉಪ್ಪು. ಕೆಲವರು ಒಂದು ಚಮಚ ಸಿರಪ್ ಹಾಕುತ್ತಾರೆ, ಮುಮ್ಮೊ ಎದುರಿಗೆ ಹಾಕಿದ್ದರೆ ಗೊತ್ತಾಗುತ್ತಿತ್ತು. ಪಾತ್ರೆಯ ಅರ್ಧದಷ್ಟೇ ತುಂಬಿ, ಇದು ಉಕ್ಕುವ ಪದಾರ್ಥ. ಉಕ್ಕಿ ಓವನ್ ತಳದಲ್ಲಿ ಕರಕಲಾದರೆ ಚಾಕುವಿನಲ್ಲಿ ಕೆರೆಯಲು ಹೋಗಬೇಡಿ. ಓವನ್ ತಣಿದ ಮೇಲೆ ಅಡುಗೆ ಸೋಡಾ ನೀರಲ್ಲಿ ಕಲಸಿ ಬಳಿದು ಮಲಗಿ, ಬೆಳಿಗ್ಗೆ ಒದ್ದೆ ಬಟ್ಟೆಗೆ ಬರುತ್ತದೆ. ಅರ್ಧ ತುಂಬಿದ ಆ ಪಾತ್ರೆ 150 ಡಿಗ್ರಿಯಲ್ಲಿ ಮೂರು ಗಂಟೆ ಬೇಯಲಿ. ಅವಸರಕ್ಕೆ 200 ಇಟ್ಟರೆ ಮೇಲೆ ಕಪ್ಪು, ಒಳಗೆ ನೀರು ನೀರು.

ಡಿಸೆಂಬರ್ 23ರ ಸಂಜೆ ಶುರು ಮಾಡಿ, ಸಿಹಿ ಹತ್ತಿದ ಮೇಲೆ ರಾತ್ರಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಮಧ್ಯಾಹ್ನ 12ಕ್ಕೆ ತುರ್ಕು ಊರಿನಿಂದ ಕ್ರಿಸ್‌ಮಸ್ ಶಾಂತಿಯ ಘೋಷಣೆ ಟೀವಿಯಲ್ಲಿ ಬರುವಾಗ ಅದು ಓವನ್ನಿನಲ್ಲಿರಬೇಕು. ಅವರು ಹ್ಯಾಮ್ ಜೊತೆ ತಿನ್ನುತ್ತಾರೆ, ನಮ್ಮ ಮನೆಯಲ್ಲಿ ನಿಂಬೆ ಉಪ್ಪಿನಕಾಯಿ. ಮುಮ್ಮೊ ಒಮ್ಮೆ ನಂಜಿಕೊಂಡು ನೋಡಿದರು. ಏನೂ ಅನ್ನಲಿಲ್ಲ. ಹೋಗುವಾಗ ಬಾಟಲಿ ಎತ್ತಿಕೊಂಡು ಹೋದರು.