ಕಚ್ಚೋ ಹುಳಕ್ಕೆ ಗಿಡ ತಿರುಗೇಟು ಕೊಡೋದನ್ನ ನೀವೇ ನೋಡೋದು ಹೇಗೆ?

ಗಿಡಕ್ಕೆ ಓಡೋಕಾಗಲ್ಲ, ಸರಿ, ಹಂಗಂತ ಸುಮ್ನೆ ತಿನ್ನಿಸಿಕೊಂಡೂ ನಿಲ್ಲಲ್ಲ. ಇದನ್ನ ನೋಡೋಕೆ ಲ್ಯಾಬ್ ಏನೂ ಬೇಡ, ಮೂಗು, ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ ಇದ್ರೆ ಸಾಕು. ಎಲ್ರೂ ಮುಟ್ಟಿದರೆ ಮುನಿಯಿಂದ ಶುರು ಮಾಡ್ತಾರೆ, ನಾನಂತೂ ಸಾಸಿವೆಯಿಂದ ಶುರು ಮಾಡಿ ಅಂತೀನಿ, ಯಾಕಂದ್ರೆ ಗಿಡದ ಅಸಲಿ ಆಟ ಇರೋದು ಕೆಮಿಸ್ಟ್ರಿಯಲ್ಲಿ.

ಮೊದಲು ಸಾಸಿವೆ ಗಿಡದಿಂದ ಎರಡು ಎಲೆ ಕಿತ್ಕೊಳ್ಳಿ. ಒಂದನ್ನ ಹಂಗೇ ಮೂಸಿ, ಅಂಥಾ ವಾಸನೆ ಏನೂ ಇರಲ್ಲ. ಈಗ ಅದನ್ನೇ ಬೆರಳಲ್ಲಿ ಚೆನ್ನಾಗಿ ಹೊಸಕಿ ಮೂಸಿ ನೋಡಿ, ಘಾಟು ಮೂಗಿಗೆ ಹೊಡಿಯತ್ತೆ. ಇದು ಮೊದಲೇ ರೆಡಿಯಾಗಿ ಇಟ್ಟಿದ್ದ ಘಾಟಲ್ಲ, ಗಿಡ ಗ್ಲುಕೋಸಿನೊಲೇಟ್ ಅನ್ನೋ ವಸ್ತುವನ್ನ ಒಂದು ಕಡೆ, ಮೈರೋಸಿನೇಸ್ ಅನ್ನೋ ಎಂಜೈಮನ್ನ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇಟ್ಕೊಂಡಿರತ್ತೆ, ಹುಳ ಕಡಿದು ಜೀವಕೋಶ ಒಡೆದಾಗ ಎರಡೂ ಬೆರೆತು ಖಾರದ ಅಂಶ ಆಗ ತಾನೇ ಹುಟ್ಟತ್ತೆ. ನಂಬಿಕೆ ಬರ್ಲಿಲ್ವಾ? ಎರಡನೇ ಎಲೆಯನ್ನ ಕುದಿಯೋ ನೀರಲ್ಲಿ ಒಂದೆರಡು ನಿಮಿಷ ಬಿಟ್ಟು, ಆರಿದ ಮೇಲೆ ಹೊಸಕಿ. ಬಿಸಿಗೆ ಎಂಜೈಮ್ ಕೆಟ್ಟಿರತ್ತೆ, ಘಾಟು ತುಂಬಾ ಕಮ್ಮಿ.

ಮುಂದಿನದು ಬರಿಗಣ್ಣಿಗೆ ಕಾಣಲ್ಲ, ಆದ್ರೆ ಗೊತ್ತಿರ್ಲಿ. ಸಾಸಿವೆ ಕುಟುಂಬದ್ದೇ ಅರಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ 2018ರಲ್ಲಿ ತೋರಿಸಿದ ಪ್ರಕಾರ, ಎಲೆಗೆ ಗಾಯ ಆದ ಜಾಗದಲ್ಲಿ ಗ್ಲುಟಮೇಟ್ ಅನ್ನೋ ರಾಸಾಯನಿಕ ಸೋರಿ, ಕ್ಯಾಲ್ಸಿಯಂ ಅಲೆ ಎದ್ದು ಒಂದೆರಡು ನಿಮಿಷದಲ್ಲಿ ದೂರದ ಎಲೆ ಮುಟ್ಟತ್ತೆ, ಅಲ್ಲಿ ಜಾಸ್ಮೋನಿಕ್ ಆಸಿಡ್ ಅನ್ನೋ ರಕ್ಷಣೆಯ ಹಾರ್ಮೋನ್ ಏರಿ ಇನ್ನೂ ಹುಳ ಮುಟ್ಟದ ಎಲೆಯೂ ರೆಡಿ ಆಗತ್ತೆ. ಗ್ಲುಟಮೇಟ್ ನಮ್ಮ ಮೆದುಳಲ್ಲೂ ಸಂದೇಶ ಸಾಗಿಸತ್ತೆ ನಿಜ, ಅದಕ್ಕೇ ಗಿಡಕ್ಕೆ ನೋವಾಯ್ತು ಅಂತ ಕಥೆ ಕಟ್ಟಬೇಡಿ, ಅದಕ್ಕೆ ನರ ಇಲ್ಲ. ನನಗೆ ಅದಕ್ಕಿಂತ ಮಜಾ ಅನ್ಸೋದು 2014ರ ಪ್ರಯೋಗ: ಹುಳ ಎಲೆ ಅಗಿಯುವಾಗ ಆಗೋ ಕಂಪನವನ್ನ ರೆಕಾರ್ಡ್ ಮಾಡಿ ಅರಬಿಡಾಪ್ಸಿಸ್ ಗಿಡಗಳಿಗೆ ಪ್ಲೇ ಮಾಡಿದ್ರು, ಆಮೇಲೆ ನಿಜವಾದ ಹುಳ ಬಂದಾಗ ಆ ಗಿಡಗಳು ಜಾಸ್ತಿ ಗ್ಲುಕೋಸಿನೊಲೇಟ್ ಮಾಡಿದ್ವು, ಬರೀ ಗಾಳಿಯ ಕಂಪನ ಕೊಟ್ಟವು ಮಾಡ್ಲಿಲ್ಲ.

ಈಗ ಟೊಮೆಟೊ ಗಿಡ. ಕಾಂಡವನ್ನ ಭೂತಗನ್ನಡಿಯಲ್ಲಿ ನೋಡಿ, ಸಣ್ಣ ರೋಮಗಳು, ಕೆಲವದರ ತುದಿಯಲ್ಲಿ ಗುಂಡು. ಸವರಿದ್ರೆ ಬೆರಳು ಅಂಟಂಟು, ಹಳದಿ ಹಸಿರು ಬಣ್ಣ, ಆ ಟೊಮೆಟೊ ವಾಸನೆ. ಸಣ್ಣ ಹುಳ ಈ ಅಂಟಲ್ಲೇ ಸಿಕ್ಕಿಬೀಳತ್ತೆ. ತಪ್ಪಿಸಿಕೊಂಡು ತಿಂದ್ರೂ ಕಷ್ಟ, ಗಾಯ ಆದ್ಮೇಲೆ ಎಲೆಗಳಲ್ಲಿ ಪ್ರೋಟೀನ್ ಜೀರ್ಣ ಆಗೋದನ್ನ ತಡೆಯೋ ವಸ್ತು ತುಂಬಿಕೊಳ್ಳತ್ತೆ, ಇದು 1972ರಿಂದಲೇ ಗೊತ್ತಿರೋ ವಿಷಯ.

ಔಡಲ ಗಿಡ ಸಿಕ್ರೆ ಎಲೆ ತೊಟ್ಟಿಗೆ ಸೇರೋ ಜಾಗ ನೋಡಿ, ಪುಟ್ಟ ಗಂಟಿನ ಥರ ಗ್ರಂಥಿ ಇರತ್ತೆ, ಅದ್ರಲ್ಲಿ ಸಿಹಿ ರಸ, ಇರುವೆ ಕಾವಲಿಗೆ ಗಿಡ ಕೊಡೋ ಸಂಬಳ ಅದು. ಬೀಜ ಮಾತ್ರ ಬಾಯಿಗೆ ಹಾಕ್ಬೇಡಿ, ವಿಷ.

ಕೊನೆಗೆ ತರಕಾರಿ ಗಿಡಗಳಲ್ಲಿ ಹುಳ ಹುಡುಕಿ. ಮೆಕ್ಕೆಜೋಳದಂಥ ಗಿಡ ಹುಳದ ಎಂಜಲನ್ನೇ ಗುರುತು ಹಿಡಿದು ವಾಸನೆ ಬಿಡತ್ತೆ, ಆ ವಾಸನೆ ಹಿಡಿದು ಪುಟ್ಟ ಕಣಜ ಬಂದು ಹುಳದೊಳಗೆ ಮೊಟ್ಟೆ ಇಡತ್ತೆ. ಮೈಮೇಲೆ ಬಿಳಿ ಗೂಡುಗಳನ್ನ ಹೊತ್ತ ಹುಳ ಕಂಡ್ರೆ ಕಿತ್ತು ಎಸೀಬೇಡಿ, ಅದು ಇನ್ನು ಜಾಸ್ತಿ ತಿನ್ನಲ್ಲ, ಗೂಡಿಂದ ಹೊರಬರೋ ಕಣಜಗಳು ಪಕ್ಕದ ಗಿಡದ ಹುಳಗಳನ್ನ ನೋಡ್ಕೋತವೆ.