ಹಳೇ ಕರೆಂಟ್ ಗರಗಸ ಗುಜರಿಗೆ ಹಾಕುವ ಮುನ್ನ

ಮಾವನವರ ಮನೆಯ ಅಟ್ಟದ ಮೇಲೆ ಒಂದು ಸರ್ಕ್ಯುಲರ್ ಸಾ ಇತ್ತು. ಕೈಯಲ್ಲಿ ಹಿಡಿದು ಹಲಗೆ ಕೊಯ್ಯುವ ಮಿಷನ್. ಮೈಯೆಲ್ಲ ಅಲ್ಯೂಮಿನಿಯಂ, ಎತ್ತಿದರೆ ಭುಜ ಜಗ್ಗುವಷ್ಟು ಭಾರ. ಗುಜರಿಯವನು ಆಗಲೇ ತಕ್ಕಡಿ ಹಿಡಿದು ನಿಂತಿದ್ದ. ಸುಮ್ನೆ ಕುತೂಹಲಕ್ಕೆ ಬ್ಲೇಡನ್ನು ಕೈಯಲ್ಲಿ ತಿರುಗಿಸಿದೆ. ಎಲ್ಲೂ ಕಚ್ಚಲಿಲ್ಲ. ಸ್ವಲ್ಪ ಕರಕರ ಅಂದಿತು, ಅಷ್ಟೇ. ಗುಜರಿಯವನನ್ನು ಹಳೇ ಪೇಪರ್ ಕೊಟ್ಟು ಕಳಿಸಿದೆ.

ಎರಡು ಬೇರಿಂಗ್, ಒಂದು ಜೊತೆ ಕಾರ್ಬನ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), ಒಂದು ಹೊಸ ವೈರ್. ಇಷ್ಟರಲ್ಲಿ ಮಿಷನ್ ಎದ್ದು ನಿಂತಿತು. ಮೂರು ವರ್ಷದ ಹಿಂದೆ ನಾನೇ ಕೊಂಡ ಹೊಸದು ಮಾತ್ರ ಮೂಲೆ ಸೇರಿದೆ. ರಿಪೇರಿಗೆ ಒಯ್ದರೆ "ಪೂರ್ತಿ ಸೆಟ್ಟೇ ಬದಲಾಯಿಸಬೇಕು ಸಾರ್, ಹೊಸದೇ ತಗೊಳ್ಳಿ" ಅಂದರು.

ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. ಆ ಕಾಲದ ಕಳಪೆ ಮಿಷನ್‌ಗಳು ಎಂದೋ ಗುಜರಿ ಸೇರಿವೆ, ಉಳಿದದ್ದನ್ನಷ್ಟೇ ನಾವು ನೋಡುತ್ತಿದ್ದೇವೆ. ಆದರೆ ಉಳಿದವನ್ನು ಬಿಚ್ಚಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಬೇರಿಂಗ್ ಕೂರುವ ಜಾಗ ಲೋಹದ್ದು, ಬಿಸಿಗೆ ಅಳ್ಳಕವಾಗುವುದಿಲ್ಲ. ಕಾರ್ಬನ್ ತೆಗೆಯಲು ಹೊರಗಿನಿಂದಲೇ ಸ್ಕ್ರೂ ಮುಚ್ಚಳ ಇರುತ್ತದೆ. ಕಾಯಿಲ್, ಆರ್ಮೇಚರ್ (ಮೋಟರಿನ ತಿರುಗುವ ಭಾಗ), ಗೇರ್ ಎಲ್ಲ ಬೇರೆ ಬೇರೆಯಾಗಿ ಹೊರಗೆ ಬರುತ್ತವೆ. ಸವೆಯುವ ಭಾಗ ಸವೆಯಲಿ, ಬದಲಾಯಿಸಿಕೊಳ್ಳಿ ಎಂದೇ ಮಾಡಿದ್ದು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಕರೆಂಟ್ ಗರಗಸ ಸ್ಕಿಲ್‌ಸಾ. ಎಡ್ಮಂಡ್ ಮಿಶೆಲ್ ಎಂಬಾತ ಕಬ್ಬು ಕಡಿಯುವವರ ಕಷ್ಟ ನೋಡಿ, ಮಚ್ಚಿಗೇ ಮೋಟರ್ ಕಟ್ಟಲು ಹೋದನಂತೆ. ಮಂಡ್ಯದವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಹುಟ್ಟಿದ್ದು ಕೈಯಲ್ಲಿ ಹಿಡಿಯುವ ಮರದ ಗರಗಸ. 1924ರಲ್ಲಿ ಕಂಪನಿ ಶುರುವಾಯಿತು. 1937ರಲ್ಲಿ ಬಂದ ಮಾಡೆಲ್ 77ರ ಗೇರ್ ಎಣ್ಣೆಯಲ್ಲಿ ಮುಳುಗಿಯೇ ತಿರುಗುತ್ತದೆ. ಆ ಮಾಡೆಲ್ಲಿನ ವಂಶ ಇಂದಿಗೂ ಅಲ್ಲಿನ ಬಡಗಿಗಳ ಕೈಯಲ್ಲಿದೆ.

ಸರಿ, ನಿಮ್ಮ ಅಟ್ಟದ ಮಿಷನ್‌ಗೆ ಬರೋಣ.

ಮೊದಲು ಪ್ಲಗ್ ತೆಗೆಯಿರಿ, ಬ್ಲೇಡ್ ಬಿಚ್ಚಿ. ಬ್ಲೇಡ್ ಕೂರುವ ಶಾಫ್ಟನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಎಂದು ಆಡಿದರೆ ಬೇರಿಂಗ್ ಹೋಗಿದೆ. ಇದು ಹೆದರುವ ಸಂಗತಿಯಲ್ಲ. ಮೈ ಬಿರುಕು ಬಿಟ್ಟಿದ್ದರೆ ಅಥವಾ ಗೇರಿನ ಹಲ್ಲು ಮುರಿದಿದ್ದರೆ ಮಾತ್ರ ಯೋಚಿಸಿ. ಆ ಬಿಡಿಭಾಗ ಸಿಗುವುದು ಕಷ್ಟ.

ಆಮೇಲೆ ವೈರ್ ನೋಡಿ. ಪ್ರಾಣದ ಪ್ರಶ್ನೆ ಇರುವುದು ಇಲ್ಲೇ. ಲೋಹದ ಮೈಯ ಮಿಷನ್‌ಗೆ ಅರ್ಥಿಂಗ್ ಬೇಕೇ ಬೇಕು. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು. ಎಷ್ಟೋ ಕಡೆ ಮಧ್ಯದಲ್ಲಿ ಯಾರೋ ಎರಡು ಎಳೆಯ ವೈರ್ ಹಾಕಿ, ಮೂರು ಪಿನ್ನಿಗೆ ಸಿಕ್ಕಿಸಿರುತ್ತಾರೆ. ಮಾವನವರ ಮಿಷನ್ನಿನಲ್ಲೂ ಅದೇ ಆಗಿತ್ತು. ಮೂರು ಎಳೆಯ ರಬ್ಬರ್ ವೈರ್ ಹಾಕಿಸಿ. ಹಸಿರು ಎಳೆ ಮೈಯ ಲೋಹಕ್ಕೆ ಬಿಗಿಯಾಗಿ ಸೇರಬೇಕು. ಒಳಗೆ ಕರೆಂಟ್ ಸೋರುತ್ತಿದೆಯೇ ಎಂದು ರೀವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ ಎಂಬ ಮೀಟರ್ ಹಿಡಿಸಿ. 500 ವೋಲ್ಟಿನಲ್ಲಿ 2 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಓಡಿಸಬೇಡಿ. ಕೆಲವೊಮ್ಮೆ ಅಟ್ಟದ ತೇವವೇ ಕಾರಣ ಇರುತ್ತದೆ. ಎರಡು ದಿನ ಬಿಸಿಲಿಗಿಟ್ಟು ಮತ್ತೆ ನೋಡಬಹುದು. ಒಂದು ವಿಷಯದಲ್ಲಿ ಮಾತ್ರ ಹೊಸ ಮಿಷನ್‌ಗಳನ್ನು ಹೊಗಳಲೇಬೇಕು. ಅವುಗಳ ಪ್ಲಾಸ್ಟಿಕ್ ಮೈ ಶಾಕ್‌ನಿಂದ ಚೆನ್ನಾಗಿ ಕಾಯುತ್ತದೆ.

ಅಮೆರಿಕದಿಂದ ಮಗನೋ ಅಳಿಯನೋ ತಂದ ಮಿಷನ್ ಆದರೆ ಮೈಮೇಲಿನ ಹೆಸರಿನ ತಗಡು ಓದಿ. 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ನೇರವಾಗಿ ಹಾಕಿದ ಕೂಡಲೇ ಸುಟ್ಟೀತು. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. 15 ಆಂಪಿಯರ್ ಮಿಷನ್ನಾದರೆ 2 ಕೆವಿಎಗಿಂತ ಕಡಿಮೆಯದು ಬೇಡ.

ಇನ್ನು ಕಾರ್ಬನ್. ಎರಡೂ ಬದಿಯ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗ್ ಸಮೇತ ಹೊರಗೆ ಬರುತ್ತದೆ. ಯಾವ ಬದಿಯದು, ಯಾವ ಮುಖ ಎತ್ತ ಇತ್ತು ಎಂದು ಗುರುತು ಮಾಡಿಕೊಳ್ಳಿ. ತುದಿಯ ಕಮಾನು ಆರ್ಮೇಚರಿನ ತಾಮ್ರದ ಉರುಟಿಗೆ ಸರಿಯಾಗಿ ಸವೆದಿರುತ್ತದೆ. ತಿರುಗಿಸಿ ಹಾಕಿದರೆ ಕಿಡಿ ಜಾಸ್ತಿ. 6 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಜೊತೆಯಾಗಿಯೇ ಬದಲಾಯಿಸಿ. ಅದೇ ಅಳತೆಯದು ಸಿಗದಿದ್ದರೆ ಸ್ವಲ್ಪ ದೊಡ್ಡದನ್ನು ತಂದು ಚಪ್ಪಟೆ ಕಲ್ಲಿನ ಮೇಲೆ ಪಾಲಿಶ್ ಪೇಪರ್ ಇಟ್ಟು ಉಜ್ಜಿ. ಗೂಡಿನಲ್ಲಿ ಅದು ಸಲೀಸಾಗಿ ಜಾರಬೇಕು, ಆದರೆ ಅಲ್ಲಾಡಬಾರದು.

ಆ ತೂತಿನಿಂದಲೇ ಟಾರ್ಚ್ ಬಿಟ್ಟು ಒಳಗೆ ನೋಡಿ. ತಾಮ್ರದ ಪಟ್ಟಿಗಳು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಆರೋಗ್ಯವಾಗಿವೆ. ಒಂದೆರಡು ಪಟ್ಟಿ ಮಾತ್ರ ಕಪ್ಪಾಗಿ ಸುಟ್ಟಿದ್ದರೆ ಒಳಗಿನ ಸುತ್ತು ಕಿತ್ತಿರಬಹುದು. ಆಗ ಆರ್ಮೇಚರ್ ರೀವೈಂಡ್ ಮಾಡಿಸಬೇಕು. ಬರೀ ಕೊಳೆಯಾದರೆ ನಯವಾದ ಮರಳು ಕಾಗದದಿಂದ ಒರೆಸಿ, ಪಟ್ಟಿಗಳ ನಡುವಿನ ಸಂದಿನ ಕಾರ್ಬನ್ ಪುಡಿಯನ್ನು ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯಲ್ಲಿ ಕೆರೆದು ತೆಗೆಯಿರಿ. ಎಮರಿ ಕಾಗದ ಮಾತ್ರ ಬೇಡ. ಅದರ ಪುಡಿ ಸಂದಿನಲ್ಲಿ ಕೂತು ತೊಂದರೆ ಕೊಡುತ್ತದೆ.

ಬೇರಿಂಗ್ ಹುಡುಕುವುದು ಸುಲಭ. ಅದರ ಮೇಲೆ ನಂಬರ್ ಒತ್ತಿರುತ್ತಾರೆ. ನನಗೆ ಸಿಕ್ಕಿದ್ದು 6201. ಒಳಗಿನ ತೂತು 12, ಹೊರಸುತ್ತು 32, ದಪ್ಪ 10 ಮಿಲಿಮೀಟರ್. ಯಾವ ದೇಶದ ಮಿಷನ್ ಆದರೂ ಈ ನಂಬರಿಗೆ ಇದೇ ಅಳತೆ. ಪಂಪ್‌ಸೆಟ್ ರಿಪೇರಿ ಬೀದಿಯ ಬೇರಿಂಗ್ ಅಂಗಡಿಯಲ್ಲೇ ಸಿಕ್ಕಿತು. ಕೇಳುವಾಗ ರಬ್ಬರ್ ಸೀಲಿನದು, ಅಂದರೆ 2ಆರ್‌ಎಸ್ ಎಂದು ಕೇಳಿ. ಮರದ ಪುಡಿ ಒಳಗೆ ಹೋಗುವುದಿಲ್ಲ. ಕೂರಿಸುವಾಗ ಸುತ್ತಿಗೆಯಲ್ಲಿ ಹೊರಬಳೆಗೆ ಹೊಡೆದು ಶಾಫ್ಟಿಗೆ ಏರಿಸಬೇಡಿ. ಒಳಬಳೆಗೆ ಸರಿಹೊಂದುವ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ.

ಗೇರಿನ ಹಳೇ ಗ್ರೀಸ್ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ಹಾಕಿ. ಪೂರ್ತಿ ತುಂಬಬೇಡಿ, ಬಿಸಿಯಾಗಿ ಸೋರುತ್ತದೆ.

ಬ್ಲೇಡನ್ನು ಮುಚ್ಚುವ ಗಾರ್ಡಿನ ಪರೀಕ್ಷೆ ತಪ್ಪಿಸಬೇಡಿ. ಕೆಳಗಿನ ಗಾರ್ಡನ್ನು ಹಿಂದಕ್ಕೆ ಎಳೆದು ಬಿಟ್ಟರೆ ತಟ್ಟನೆ ಮುಚ್ಚಿಕೊಳ್ಳಬೇಕು. ಹಲಸಿನ ಮರದ ಅಂಟು ಕೂತಿದ್ದರೆ ಕೆರೆದು ತೆಗೆಯಿರಿ. ಸ್ಪ್ರಿಂಗ್ ಸತ್ತಿದ್ದರೆ ಬದಲಾಯಿಸಿ. ಕೆಲವರು ಗಾರ್ಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿರುತ್ತಾರೆ. ಅಂಥ ತಂತಿ ಕಂಡರೆ ಮೊದಲು ಕತ್ತರಿಸಿ. ಹಳೇ ಮಿಷನ್‌ಗಳಿಗೆ ಬ್ರೇಕ್ ಇರುವುದಿಲ್ಲ, ಸ್ವಿಚ್ ಬಿಟ್ಟ ಮೇಲೂ ಬ್ಲೇಡ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಕಾಲ ಮೇಲೆ ಇಟ್ಟುಕೊಂಡರೆ ಕಥೆ ಮುಗಿಯಿತು.

ಬ್ಲೇಡ್ ಮಾತ್ರ ಹೊಸದು ಕೊಳ್ಳಿ, ಕಾರ್ಬೈಡ್ ಹಲ್ಲಿನದು. ಬ್ಲೇಡ್ ಮೇಲೆ ಬರೆದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮಿಷನ್ನಿನದಕ್ಕಿಂತ ಜಾಸ್ತಿ ಇರಬೇಕು. ಮೂಲೆಮಟ್ಟ ಇಟ್ಟು ಬ್ಲೇಡ್ ತಳದ ತಗಡಿಗೆ ನೇರ ನಿಂತಿದೆಯೇ ನೋಡಿಕೊಳ್ಳಿ.

ಮೊದಲ ಸಲ ಬ್ಲೇಡ್ ಹಾಕದೆ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಬೋರ್ಡಿನಿಂದ ಎರಡು ಸೆಕೆಂಡ್ ಓಡಿಸಿ. ಕಾರ್ಬನ್ ಹತ್ತಿರ ಸಣ್ಣ ನೀಲಿ ಕಿಡಿ ಸಹಜ. ತಾಮ್ರದ ಸುತ್ತ ಬೆಂಕಿಯ ಬಳೆ ಕಂಡರೆ ನಿಲ್ಲಿಸಿ, ಮತ್ತೆ ಬಿಚ್ಚಿ.

ಬೇರಿಂಗ್ ನಂಬರ್, ಕಾರ್ಬನ್ ಅಳತೆ ಎರಡನ್ನೂ ಮಿಷನ್ ಇಡುವ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ನಾನು ಬರೆಯಲು ಹೋದಾಗ ಅಲ್ಲಿ ಮಾವನವರ ಪೆನ್ಸಿಲ್ ಅಕ್ಷರ ಆಗಲೇ ಇತ್ತು: "ಕಾರ್ಬನ್ ಹಾಕಿದ್ದು 1991. ಗ್ರೀಸ್ 1994." ಅದರ ಕೆಳಗೆ ನನ್ನದು ಬರೆದೆ.